ನಾಳೆಯೂ ಸಿಗುವವರ ಜೊತೆ ಆಟ

2009ರ ಅಕ್ಟೋಬರ್ 27ರಿಂದ ಡಿಸೆಂಬರ್ 8ರವರೆಗಿನ ಆರು ವಾರಗಳಲ್ಲಿ ಆನ್‌ಲೈನ್ ಆಟಗಳ ಲೋಕದಲ್ಲಿ ಮೂರು ಸಂಗತಿಗಳು ನಡೆದವು. ಮೊದಲು ಲೀಗ್ ಆಫ್ ಲೆಜೆಂಡ್ಸ್ ಬಿಡುಗಡೆಯಾಯಿತು: ಐದೈದು ಜನರ ಎರಡು ತಂಡಗಳು, ಯಾರು ಯಾವ ತಂಡಕ್ಕೆ ಎಂಬುದನ್ನು ಕಂಪ್ಯೂಟರೇ ನಿರ್ಧರಿಸುತ್ತಿತ್ತು, ಆಟ ಮುಗಿದೊಡನೆ ಹತ್ತೂ ಜನ ಹತ್ತು ದಿಕ್ಕಿಗೆ ಚದುರುತ್ತಿದ್ದರು. ನವೆಂಬರ್ 10ರಂದು ಕಾಲ್ ಆಫ್ ಡ್ಯೂಟಿ ಸರಣಿಯ ಮಾಡರ್ನ್ ವಾರ್‌ಫೇರ್ 2 ಬಂತು. ಪಿಸಿಯಲ್ಲಿ ಆಡುವವರು ತಮ್ಮದೇ ಸರ್ವರ್ (ಆಟ ನಡೆಸುವ ಕಂಪ್ಯೂಟರ್) ಇಟ್ಟುಕೊಂಡು ನಡೆಸುವ ಪದ್ಧತಿಯನ್ನು ಅದು ಕೈಬಿಟ್ಟಿತ್ತು. ಲಕ್ಷಕ್ಕೂ ಮೀರಿ ಜನ ಸಹಿ ಹಾಕಿದ ಮನವಿಯಿಂದಲೂ ಆ ನಿರ್ಧಾರ ಬದಲಾಗಲಿಲ್ಲ. ಡಿಸೆಂಬರ್ 8ರಂದು, ಸಾವಿರಾರು ಜನ ಒಂದೇ ಮಾಯಾಲೋಕದಲ್ಲಿ ಆಡುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ 3.3ನೆಯ ಪ್ಯಾಚ್ (ಆಟದ ಪರಿಷ್ಕರಣೆ) ಬಂತು. ಅದರೊಳಗೆ ಡಂಜನ್ ಫೈಂಡರ್ ಎಂಬ ಸಣ್ಣದೊಂದು ಕಿಟಕಿ ಇತ್ತು. ಅದರ ಗುಂಡಿ ಒತ್ತಿದರೆ ಬೇರೆ ಬೇರೆ ಸರ್ವರ್‌ಗಳಿಂದ ನಾಲ್ವರು ಅಪರಿಚಿತರನ್ನು ಹುಡುಕಿ, ಎಲ್ಲರನ್ನೂ ನೇರವಾಗಿ ಗುಹೆಯ ಬಾಗಿಲಿಗೆ ತಂದು ನಿಲ್ಲಿಸುತ್ತಿತ್ತು.

ಕಂಪನಿಗಳು ಬೇರೆ, ಆಟಗಳು ಬೇರೆ, ಕಾರಣಗಳೂ ಬೇರೆಯಾಗಿದ್ದವು. ಆದರೂ ಮೂರರ ಪರಿಣಾಮ ಒಂದೇ ಆಯಿತು. ಯಾರ ಜೊತೆ ಆಡಬೇಕು, ಅವರು ಸಿಗುವುದೆಲ್ಲಿ, ಅವರನ್ನು ಒಪ್ಪಿಸುವುದು ಹೇಗೆ ಎಂಬ ತಲೆನೋವು ಆಡುವವರಿಂದ ಸರ್ವರಿನ ಲೆಕ್ಕಾಚಾರಕ್ಕೆ ವರ್ಗವಾಯಿತು. ಅಂದಿನ ಗೇಮರ್‌ಗಳು ಸಭ್ಯರು, ಇಂದಿನವರು ಬರೀ ಬೈಯುವವರು ಎಂದು ನನ್ನ ವಯಸ್ಸಿನವರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಈ ಆರು ವಾರಗಳು ನೆನಪಾಗುತ್ತವೆ. ಮನುಷ್ಯರ ಗುಣ ಹದಿನೈದು ವರ್ಷದಲ್ಲಿ ಅಷ್ಟೇನೂ ಕೆಡುವುದಿಲ್ಲ. ಇವತ್ತು ಜಗಳವಾಡಿದವನ ಮುಖವನ್ನು ನಾಳೆಯೂ ನೋಡಬೇಕಾಗುತ್ತದೆ ಎಂಬ ಸ್ಥಿತಿ ಮಾತ್ರ ಹೊರಟುಹೋಯಿತು, ಉಳಿದದ್ದೆಲ್ಲ ಅದರ ಬೆನ್ನಿಗೇ ಬಂದದ್ದು ಎಂಬುದು ನನ್ನ ಅಭಿಪ್ರಾಯ.

ಇದನ್ನು ಅರ್ಥ ಮಾಡಿಕೊಳ್ಳಲು 1999ರ ಮಾರ್ಚಿನಲ್ಲಿ ಬಂದ ಎವರ್‌ಕ್ವೆಸ್ಟ್ ಒಳ್ಳೆಯ ಉದಾಹರಣೆ. ಅದು ಇಂದಿನ ದೃಷ್ಟಿಯಿಂದ ಕ್ರೂರವೆನ್ನಬಹುದಾದ ಆಟ. ಸತ್ತರೆ ಗಳಿಸಿದ ಅನುಭವದ ಅಂಕಗಳಲ್ಲಿ ಒಂದು ಪಾಲು ಹೋಗುತ್ತಿತ್ತು. ಖಡ್ಗ, ಕವಚ, ಗಂಟು ಎಲ್ಲವೂ ಹೆಣದ ಮೇಲೆಯೇ ಉಳಿದು, ಬರಿಗೈಯಲ್ಲಿ ಮತ್ತೆ ಅಷ್ಟು ದೂರ ನಡೆದು ಹೆಣವನ್ನು ಹುಡುಕಬೇಕಾಗುತ್ತಿತ್ತು. ಒಬ್ಬನೇ ಹೋದರೆ ಕಾಡಿನ ಅದೇ ಮೃಗ ಮತ್ತೆ ಕೊಲ್ಲುತ್ತಿದ್ದುದರಿಂದ ಯಾರನ್ನಾದರೂ ಕೇಳಿಕೊಳ್ಳದೆ ಗತಿಯಿರಲಿಲ್ಲ. ಮಂತ್ರ ಹಾಕುವವರು ಪ್ರತಿ ಕಾಳಗದ ನಂತರ ಕುಳಿತು ಶಕ್ತಿ ತುಂಬಿಕೊಳ್ಳಬೇಕಿತ್ತು, ಆ ಹೊತ್ತಿನಲ್ಲಿ ಮಂತ್ರದ ಪುಸ್ತಕ ತೆರೆದುಕೊಂಡು ಪರದೆಯನ್ನು ಆವರಿಸುತ್ತಿದ್ದುದರಿಂದ ಅವರಿಗೆ ಬೇರೇನೂ ಕಾಣುತ್ತಿರಲಿಲ್ಲ. ನಿಮಿಷಗಟ್ಟಲೆ ಹಾಗೆ ಕುಳಿತವರು ಮಾಡುವುದಾದರೂ ಏನು? ಮಾತಾಡುತ್ತಿದ್ದರು. ಯಾವ ದೇಶ, ಏನು ಕೆಲಸ, ಮಕ್ಕಳೆಷ್ಟು ಎಂಬಲ್ಲಿಂದ ಶುರುವಾಗಿ, ಅದೇ ಆಟದಲ್ಲಿ ಸಿಕ್ಕು ಮುಂದೆ ಮದುವೆಯಾದವರೂ ಇದ್ದರು.

ದೂರದ ಊರಿಗೆ ಹೋಗಬೇಕಾದರೆ, ಸಾಗಿಸುವ ಮಂತ್ರ ಬಲ್ಲ ಡ್ರೂಯಿಡ್ ಅಥವಾ ವಿಝರ್ಡ್ ಒಬ್ಬರನ್ನು ಕೇಳಿಕೊಂಡು, ಅವರು ಕಳುಹಿಸಿಕೊಟ್ಟರೆ ಕೈಗೊಂದಿಷ್ಟು ಕೊಡುವುದು ವಾಡಿಕೆ. ವ್ಯಾಪಾರಕ್ಕೂ ಆಟವೇ ಕೊಟ್ಟ ಅಂಗಡಿಗಳು ಸಾಲದೆ, ಈಸ್ಟ್ ಕಾಮನ್‌ಲ್ಯಾಂಡ್ಸ್ ಎಂಬ ಬಯಲಿನ ಸುರಂಗವೊಂದರಲ್ಲಿ ಜನ ತಾವಾಗಿಯೇ ಸೇರಿ ಕೂಗಿ ಕೂಗಿ ಮಾರುತ್ತಿದ್ದರು. ಅಲ್ಲಿ ಮೋಸ ಮಾಡಿದವನ ಹೆಸರು ಸಂಜೆಯೊಳಗೆ ಇಡೀ ಸರ್ವರಿಗೆ ಗೊತ್ತಾಗುತ್ತಿತ್ತು. 2001ರ ಡಿಸೆಂಬರಿನಲ್ಲಿ ಬಂದ ವಿಸ್ತರಣೆಯೊಂದು ಬಜಾರ್ ಎಂಬ ವ್ಯವಸ್ಥಿತ ಮಾರುಕಟ್ಟೆಯನ್ನು ತಂದಿತು. ಮಾರುವವನು ಬೆಲೆ ನಮೂದಿಸಿ ಪಾತ್ರವನ್ನು ಅಲ್ಲಿ ನಿಲ್ಲಿಸಿ ಮಲಗಿದರೂ ವ್ಯಾಪಾರ ನಡೆಯುವಂತಾಗಿ, ಸುರಂಗ ಖಾಲಿಯಾಯಿತು. 2002ರ ಅಕ್ಟೋಬರಿನ ಮುಂದಿನ ವಿಸ್ತರಣೆಯಲ್ಲಿ ಒಂದೇ ಊರಿನಿಂದ ಎಲ್ಲೆಡೆಗೂ ದಾರಿಯಾಗಿ, ಡ್ರೂಯಿಡರ ಹಂಗೂ ಹೋಯಿತು. ಇವೆರಡನ್ನೂ ಬೇಡವೆಂದವರು ಕಡಿಮೆ. ಸುರಂಗದ ಗದ್ದಲದಲ್ಲಿ ಒಂದು ಉಂಗುರಕ್ಕಾಗಿ ಸಂಜೆಯಿಡೀ ನಿಂತವನಿಗೆ ಬಜಾರ್ ಬಂದಾಗ ಸಂತೋಷವಾಗದೆ ಇರುತ್ತದೆಯೆ? ಅಂದರೆ ಈ ಬದಲಾವಣೆ 2009ರಲ್ಲಿ ಹಠಾತ್ತನೆ ಬಂದದ್ದಲ್ಲ, ಒಂದೊಂದೇ ಅನುಕೂಲವಾಗಿ ಮೊದಲಿನಿಂದಲೂ ಒಳಗೆ ಬರುತ್ತಲೇ ಇತ್ತು.

ನಮ್ಮ ಕಡೆ ಇದೇ ಕಾಲದಲ್ಲಿ ನಡೆಯುತ್ತಿದ್ದುದು ಬೇರೆ ಕಥೆ. ಮನೆಯಲ್ಲಿ ಇಂಟರ್ನೆಟ್ಟೇ ಇಲ್ಲದ ಊರಿನಲ್ಲಿ ಆನ್‌ಲೈನ್ ಆಟದ ಮಾತೆಲ್ಲಿ? ನಮಗೆ ಸಿಕ್ಕಿದ್ದು ಸೈಬರ್ ಸೆಂಟರಿನ ಲ್ಯಾನ್, ಅಂದರೆ ಒಂದೇ ಕೋಣೆಯ ಕಂಪ್ಯೂಟರುಗಳ ಜಾಲ. ದಾವಣಗೆರೆಯಲ್ಲಿ ಕಾಲೇಜಿನ ಹತ್ತಿರದ ಒಂದು ಮಹಡಿಯ ಮೇಲೆ ಪ್ಲೈವುಡ್ ತಡಿಕೆಗಳ ನಡುವೆ ಕಂಪ್ಯೂಟರುಗಳಿದ್ದವು. ಗಂಟೆಗೆ ಹದಿನೈದು ರೂಪಾಯಿ, ಪ್ರತಿಯೊಂದರಲ್ಲೂ ಗುಂಡಿನ ಕಾಳಗದ ಆಟ ಕೌಂಟರ್‌ಸ್ಟ್ರೈಕ್ 1.6, ಮ್ಯಾಪ್ (ಕಾಳಗದ ಜಾಗ) ಎಂದರೆ ಡಸ್ಟ್ 2, ಬೇರೆ ಮ್ಯಾಪ್ ಹಾಕೋಣವೆಂದರೆ ಎಲ್ಲರೂ ಮುಖ ಸಿಂಡರಿಸುತ್ತಿದ್ದರು. ಅಲ್ಲಿನ ನಿಯಮಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ದೂರದಿಂದ ಒಂದೇ ಗುಂಡಿಗೆ ಕೊಲ್ಲುವ ಆ ಹಸಿರು ಬಂದೂಕನ್ನು ನಾವು ‘ಆಪ್’ ಎನ್ನುತ್ತಿದ್ದೆವು, ಅದನ್ನು ಕೊಳ್ಳಬಾರದು. ಪಕ್ಕದವನ ಸ್ಕ್ರೀನ್ ನೋಡಬಾರದು. ಮೂಲೆಯಲ್ಲಿ ಅಡಗಿ ಕುಳಿತರೆ ಆ ರೌಂಡ್ ಪೂರ್ತಿ ‘ಕ್ಯಾಂಪರ್, ಕ್ಯಾಂಪರ್’ ಎಂದು ತಡಿಕೆಗಳ ಮೇಲಿಂದ ಕೂಗು ಕೇಳುತ್ತಿತ್ತು. ತಾಯಿ, ತಂಗಿಯರ ಹೆಸರೆತ್ತಿ ಬೈದರೆ ಕೌಂಟರಿನಲ್ಲಿ ಕುಳಿತ ಅಣ್ಣ ಒಂದೂ ಮಾತಾಡದೆ ಅಲ್ಲಿಂದಲೇ ಆ ಹುಡುಗನ ಟೈಮ್ ಕಟ್ ಮಾಡುತ್ತಿದ್ದರು. ಪರದೆ ನೀಲಿಯಾಗಿ ಹುಡುಗ ಎದ್ದು ಬಂದು ‘ಅಣ್ಣಾ, ಇನ್ನೂ ಇಪ್ಪತ್ತು ನಿಮಿಷ ಇತ್ತಲ್ಲ’ ಎಂದು ತಲೆ ಕೆರೆಯುತ್ತ ನಿಂತರೆ, ‘ಹೊರಗೆ ನಿಂತು ಸಮಾಧಾನ ಮಾಡ್ಕೊಂಡು ಬಾ, ಹಾಕ್ಕೊಡ್ತೀನಿ’ ಎಂದು ಉತ್ತರ ಬರುತ್ತಿತ್ತು. ಹತ್ತು ನಿಮಿಷ ಬಿಟ್ಟು ಅವನು ಮತ್ತೆ ಒಳಗೆ ಬಂದು ಕುಳಿತುಕೊಳ್ಳುತ್ತಿದ್ದುದು ಬೈಸಿಕೊಂಡವನ ಪಕ್ಕದಲ್ಲಿಯೇ.

ಇಂದಿನ ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸುರಿದು ಕಟ್ಟುವ ವರದಿ, ಎಚ್ಚರಿಕೆ, ಚಾಟ್ ನಿರ್ಬಂಧ, ಬ್ಯಾನ್ ಎಂಬ ಮೆಟ್ಟಿಲುಗಳೆಲ್ಲ ಆ ಕೌಂಟರಿನಲ್ಲಿ ಇದ್ದವು. ಇನ್ನೊಂದು ಹೆಚ್ಚಿನದೂ ಇತ್ತು: ಬ್ಯಾನ್ ಮುಗಿದ ಮೇಲೆ ಅದೇ ಜನರ ನಡುವೆ ವಾಪಸ್ ಬರುವ ದಾರಿ. ಲ್ಯಾನಿನ ಆಚೆ, ಇಂಟರ್ನೆಟ್ಟಿನಲ್ಲಿ ಕೌಂಟರ್‌ಸ್ಟ್ರೈಕ್ ಆಡುತ್ತಿದ್ದವರಿಗೂ ವ್ಯವಸ್ಥೆ ಹೀಗೆಯೇ ಇತ್ತು. ಸರ್ವರುಗಳ ಪಟ್ಟಿ ತೆರೆದು, ಪಿಂಗ್ (ಸಂಪರ್ಕದ ವೇಗ) ನೋಡಿ ಒಂದನ್ನು ಆರಿಸಿಕೊಂಡರೆ, ಒಂದೆರಡು ವಾರದಲ್ಲಿ ಅಲ್ಲಿನ ಕಾಯಂ ಹೆಸರುಗಳು ಗುರುತಾಗುತ್ತಿದ್ದವು. ಸರ್ವರಿಗೆ ಬಾಡಿಗೆ ಕಟ್ಟುವವನೇ ಅಡ್ಮಿನ್, ಅವನ ಸಿಟ್ಟು ಸೆಡವುಗಳೇ ಅಲ್ಲಿನ ಕಾನೂನು.

ವಾರ್‌ಕ್ರಾಫ್ಟ್ ಆಡಲು ನನಗೆ ಸಾಧ್ಯವಾದದ್ದು ಬೆಂಗಳೂರಿಗೆ ಕೆಲಸಕ್ಕೆ ಬಂದು ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡ ಮೇಲೆ. ಯೂರೋಪಿನ ಸರ್ವರ್, ಅಲ್ಲಿನ ರಾತ್ರಿ ಎಂಟು ಗಂಟೆ ಚಳಿಗಾಲದಲ್ಲಿ ನಮಗೆ ಹನ್ನೆರಡೂವರೆ. ಪ್ಯಾಚ್‌ಗಳನ್ನು ಇಳಿಸಿಕೊಳ್ಳುವುದು ಎರಡು ಗಂಟೆಯ ಮೇಲೆ, ಏಕೆಂದರೆ ಬಿಎಸ್‌ಎನ್‌ಎಲ್‌ನ ಆ ಪ್ಲ್ಯಾನಿನಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಡೌನ್‌ಲೋಡಿಗೆ ಲೆಕ್ಕವಿರಲಿಲ್ಲ. (1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಬರೆದ ಮಡ್ ಎಂಬ, ಹಲವರು ಒಟ್ಟಿಗೆ ಆಡುವ ಆರಂಭಕಾಲದ ಅಕ್ಷರರೂಪದ ಆಟಕ್ಕೂ ಹೊರಗಿನವರಿಗೆ ಪ್ರವೇಶ ಸಿಗುತ್ತಿದ್ದುದು ಕಂಪ್ಯೂಟರಿಗೆ ಬೇರೆ ಕೆಲಸವಿಲ್ಲದ ರಾತ್ರಿ ಹೊತ್ತಿನಲ್ಲೇ. ಆನ್‌ಲೈನ್ ಆಟಗಳಿಗೂ ನಿದ್ದೆಗೆಡುವುದಕ್ಕೂ ಇರುವ ನಂಟು ಹಳೆಯದು.) ಐವರ ಗುಂಪು ಕಟ್ಟಲು ಊರಿನ ಚಾಟ್ ಚಾನೆಲ್ಲಿನಲ್ಲಿ ಕೂಗಬೇಕಿತ್ತು. ಏಟು ತಿನ್ನುವ ಟ್ಯಾಂಕ್ ಸಿಕ್ಕರೆ ಗಾಯ ಮಾಯಿಸುವ ಹೀಲರ್ ಇಲ್ಲ, ಹೀಲರ್ ಸಿಗುವಷ್ಟರಲ್ಲಿ ಟ್ಯಾಂಕ್ ಊಟಕ್ಕೆ ಎದ್ದಿರುತ್ತಾನೆ. ಎಲ್ಲ ಕೂಡಿದ ಮೇಲೆ ಇಬ್ಬರು ಗುಹೆಯ ಬಾಗಿಲಿನ ಕಲ್ಲಿನವರೆಗೆ ಹೋಗಿ ಉಳಿದವರನ್ನು ಕರೆಸಿಕೊಳ್ಳಬೇಕು. ಇಷ್ಟು ಪಾಡುಪಟ್ಟು ಸೇರಿದ ಗುಂಪನ್ನು ಒಂದು ಸೋಲಿಗೆ ಯಾರೂ ಬಿಟ್ಟು ಹೋಗುತ್ತಿರಲಿಲ್ಲ. ತನ್ನದಲ್ಲದ ವಸ್ತುವನ್ನು ಕೊನೆಯಲ್ಲಿ ಹೊಡೆದುಕೊಂಡು ಓಡುವವನಿಗೆ ‘ನಿಂಜಾ’ ಎಂಬ ಬಿರುದು ಅಂಟಿಕೊಂಡರೆ ಆ ಸರ್ವರಿನ ಯಾವ ಒಳ್ಳೆಯ ಗಿಲ್ಡೂ (ಆಟಗಾರರ ಕಾಯಂ ತಂಡ) ಅವನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಒಂದೇ ನಲ್ಲಿ, ಒಂದೇ ಬಚ್ಚಲು ಹಂಚಿಕೊಂಡ ಹಳೆಯ ವಠಾರದಲ್ಲಿ ಜನ ಒಬ್ಬರಿಗೊಬ್ಬರು ಹೊಂದಿಕೊಂಡಿದ್ದದ್ದು ಪರಸ್ಪರ ಪ್ರೀತಿಯಿಂದಲೇ ಎಂದು ಹೇಳಲಾಗದು. ಬೆಳಗಾದರೆ ಅದೇ ನಲ್ಲಿಯ ಮುಂದೆ ನಿಲ್ಲಬೇಕಲ್ಲ, ಅದಕ್ಕೆ.

ಡಂಜನ್ ಫೈಂಡರ್ ಬಂದ ವಾರ ನನಗೆ ಆದದ್ದು ಸಂಭ್ರಮವೇ. ನಮ್ಮ ಸಂಜೆ ಹೊತ್ತಿನಲ್ಲಿ, ಯೂರೋಪು ಇನ್ನೂ ಕೆಲಸದಲ್ಲಿರುವಾಗ, ಗುಂಪು ಸಿಗುವುದೇ ಕಷ್ಟವಾಗಿತ್ತು; ಈಗ ಸ್ವಲ್ಪ ಕಾದರೆ ಸಾಕು. ಬದಲಾವಣೆ ಗಮನಕ್ಕೆ ಬಂದದ್ದು ನಿಧಾನವಾಗಿ. ಜನ ‘ಹಾಯ್’ ಎನ್ನುವುದನ್ನು ಬಿಟ್ಟರು, ಆಮೇಲೆ ‘ಥ್ಯಾಂಕ್ಸ್’ ಎನ್ನುವುದನ್ನು ಬಿಟ್ಟರು. ಹೊಸಬನೊಬ್ಬ ದಾರಿ ತಪ್ಪಿ ಎರಡು ಬಾರಿ ಸತ್ತರೆ ಹೇಳಿಕೊಡುವ ಬದಲು ಮತ ಹಾಕಿ ಹೊರಗೆ ತಳ್ಳುವುದು ಬೇಗದ ಕೆಲಸವಾಯಿತು, ಅವನ ಜಾಗಕ್ಕೆ ಇನ್ನೊಬ್ಬ ಬಂದೇ ಬರುತ್ತಿದ್ದ. ಅವನು ಬೇರೆ ಸರ್ವರಿನವನು, ಜನ್ಮದಲ್ಲಿ ಮತ್ತೆ ಸಿಗುವವನಲ್ಲ. ಇದೆಲ್ಲ ನಡೆಯುತ್ತಿರುವಾಗ ಆಟದ ಜನಪ್ರಿಯತೆ ಏರುತ್ತಲೇ ಇತ್ತು; 2010ರ ಅಕ್ಟೋಬರಿನಲ್ಲಿ ಚಂದಾದಾರರ ಸಂಖ್ಯೆ 1 ಕೋಟಿ 20 ಲಕ್ಷ ಮುಟ್ಟಿತು.

ಲೀಗ್ ಆಫ್ ಲೆಜೆಂಡ್ಸ್ ಈ ಹೊಸ ಸ್ಥಿತಿಯ ಪ್ರಯೋಗಶಾಲೆಯೇ ಆಯಿತು. ಮತ್ತೆಂದೂ ಸಿಗದ ನಾಲ್ವರ ಜೊತೆ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡು, ಅವರ ತಪ್ಪಿಗೆ ನಾನು ಸೋಲಬೇಕು ಎಂಬ ಪರಿಸ್ಥಿತಿಯಲ್ಲಿ ಬಾಯಿ ಸಡಿಲವಾಗುವುದು ಆಶ್ಚರ್ಯವಲ್ಲ. ಅದನ್ನು ನಡೆಸುವ ರಯಟ್ ಕಂಪನಿ 2011ರಲ್ಲಿ ಟ್ರಿಬ್ಯುನಲ್ ಎಂಬ ಪಂಚಾಯ್ತಿಯನ್ನು ಶುರುಮಾಡಿತು. ದೂರು ಬಂದ ಆಟಗಳ ಚಾಟ್ ದಾಖಲೆಗಳನ್ನು ಇತರ ಆಟಗಾರರೇ ಓದಿ ಶಿಕ್ಷೆಯೋ ಕ್ಷಮೆಯೋ ಎಂದು ಮತ ಹಾಕುತ್ತಿದ್ದರು. 2014ರಲ್ಲಿ ಅದು ನಿಂತಿತು. ಆ ವರ್ಷಗಳಲ್ಲಿ ಕಂಪನಿಯೊಳಗೆ ಮನೋವಿಜ್ಞಾನಿಗಳ ತಂಡವೊಂದು ಕಂಡುಕೊಂಡ ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಬೈಗುಳದ ಬಹುಪಾಲು ಬರುತ್ತಿದ್ದುದು ಸದಾ ಕೆಟ್ಟದಾಗಿ ವರ್ತಿಸುವ ಬೆರಳೆಣಿಕೆಯ ಜನರಿಂದಲ್ಲ, ಯಾವುದೋ ಕಾರಣಕ್ಕೆ ಆ ದಿನ ತಲೆಕೆಟ್ಟಿದ್ದ ಸಾಮಾನ್ಯ ಆಟಗಾರರಿಂದ. ನನ್ನಂಥವರಿಂದ, ನಿಮ್ಮಂಥವರಿಂದ. ಎದುರು ತಂಡದ ಜೊತೆ ಮಾತಾಡುವ ಚಾಟನ್ನು ತಾವಾಗಿ ಆನ್ ಮಾಡಿಕೊಂಡರೆ ಮಾತ್ರ ಕಾಣುವಂತೆ ಇಟ್ಟದ್ದರಿಂದಲೇ ಕೆಟ್ಟ ಮಾತು ಗಣನೀಯವಾಗಿ ಇಳಿಯಿತು ಎಂಬುದೂ ಅವರಿಗೆ ತಿಳಿದುಬಂತು.

ಆ ಪಾಠವನ್ನು ಉದ್ಯಮ ಚೆನ್ನಾಗಿಯೇ ಕಲಿತಿತು. ಮಾತು ತೊಂದರೆ ಕೊಡುವುದಾದರೆ ಮಾತನ್ನೇ ಕಡಿಮೆ ಮಾಡಿ. 2014ರ ಹಾರ್ತ್‌ಸ್ಟೋನ್‌ನಲ್ಲಿ ಎದುರಾಳಿಗೆ ಹೇಳಬಹುದಾದದ್ದು ಮೊದಲೇ ಸಿದ್ಧವಾದ ಕೆಲವು ವಾಕ್ಯಗಳು ಮಾತ್ರ, ಬೇಡವೆಂದರೆ ಅದನ್ನೂ ಮುಚ್ಚಬಹುದು. 2019ರ ಅಪೆಕ್ಸ್ ಲೆಜೆಂಡ್ಸ್‌ನ ಪಿಂಗ್ ಎಂಬ ಸಂಕೇತ ವ್ಯವಸ್ಥೆ ಎಷ್ಟು ಚೊಕ್ಕವಾಗಿದೆಯೆಂದರೆ, ಶತ್ರು ಎಲ್ಲಿದ್ದಾನೆ, ಯಾವ ಬಂದೂಕು ಎಲ್ಲಿ ಬಿದ್ದಿದೆ, ನನಗೆ ಯಾವ ಗುಂಡು ಬೇಕು ಎಂಬುದನ್ನೆಲ್ಲ ಒಂದು ಗುಂಡಿಯಲ್ಲಿ ಹೇಳಿ, ಒಂದು ಶಬ್ದವನ್ನೂ ಆಡದೆ ಮೂವರು ಗೆದ್ದು ಬೇರೆಯಾಗಬಹುದು. ಇದನ್ನು ನಾನು ದೂರುವುದಿಲ್ಲ. ಭಾಷೆ ಬಾರದವರ ಜೊತೆಗೂ, ಕಿವಿ ಕೇಳದವರ ಜೊತೆಗೂ ಆಡಲು ಇದರಿಂದ ಸಾಧ್ಯವಾಗಿದೆ.

ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಅದರ ಬಾಗಿಲಿನಲ್ಲೇ ನಿಂತವರ ಬಗ್ಗೆಯೂ ಹೇಳಬೇಕಾಗುತ್ತದೆ. ನಮ್ಮ ಸೈಬರ್ ಸೆಂಟರಿನಲ್ಲಿ ಆಟಕ್ಕೆ ಕುಳಿತ ಹುಡುಗಿಯೊಬ್ಬಳನ್ನು ನಾನು ನೋಡಿದ ನೆನಪಿಲ್ಲ. ರಿಸಲ್ಟ್ ನೋಡಲು, ಪ್ರಿಂಟ್ ತೆಗೆಸಲು ಬಂದವರು ಬೇಗ ಮುಗಿಸಿ ಇಳಿದುಹೋಗುತ್ತಿದ್ದರು. ಅಮೆರಿಕದ ಒಹಾಯೋ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲೇ ಧ್ವನಿಮುದ್ರಿಸಿಟ್ಟ ಒಂದೇ ಬಗೆಯ ಮಾತುಗಳನ್ನು ಹೇಲೋ 3 ಆಟದಲ್ಲಿ ಗಂಡು ದನಿಯಲ್ಲಿಯೂ ಹೆಣ್ಣು ದನಿಯಲ್ಲಿಯೂ ಕೇಳಿಸಲಾಯಿತು. ಹೆಣ್ಣು ದನಿಗೆ ಬಂದ ಕೆಟ್ಟ ಪ್ರತಿಕ್ರಿಯೆ ಗಂಡು ದನಿಗೆ ಬಂದದ್ದರ ಮೂರು ಪಟ್ಟು. ನನ್ನ ಜೊತೆ ಕೆಲಸ ಮಾಡುವ, ನನಗಿಂತ ಎಷ್ಟೋ ಚೆನ್ನಾಗಿ ವ್ಯಾಲೊರಂಟ್ ಆಡುವ ಗೆಳತಿಯೊಬ್ಬರು ಅಪರಿಚಿತರ ತಂಡದಲ್ಲಿ ಮೈಕ್ ಆನ್ ಮಾಡುವುದೇ ಇಲ್ಲ. ಹಳೆಯ ದಿನಗಳ ಸೌಜನ್ಯವೆಂದು ನಾವು ನೆನೆಯುವುದರಲ್ಲಿ ಒಂದೇ ಬಗೆಯ ಹುಡುಗರು ತಮ್ಮತಮ್ಮಲ್ಲಿ ಹೊಂದಿಕೊಂಡಿದ್ದ ಪಾಲೂ ಇದೆ. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಂತೂ ಊರ ಹೊರಗೆ ಕಾಲಿಟ್ಟವರನ್ನೆಲ್ಲ ಕೊಂದು ದೋಚುವುದು ಎಷ್ಟು ಮಿತಿಮೀರಿತೆಂದರೆ, 2000ದಲ್ಲಿ ಇಡೀ ಜಗತ್ತನ್ನೇ ಎರಡು ಪ್ರತಿ ಮಾಡಿ, ಒಂದರಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಕೊಲ್ಲದಂತೆ ಮಾಡಬೇಕಾಯಿತು. ವಾರ್‌ಕ್ರಾಫ್ಟಿನ ಸುವರ್ಣಕಾಲವೆನ್ನುವ 2006ರಲ್ಲೇ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದವರು ಆಟಗಾರರನ್ನು ಅಳೆದು ನೋಡಿ, ಬಹಳಷ್ಟು ಜನ ಬಹಳಷ್ಟು ಹೊತ್ತು ಒಬ್ಬೊಬ್ಬರೇ ಆಡುತ್ತಾರೆ, ಸುತ್ತಲಿನ ಜನ ಅವರಿಗೆ ಜೊತೆಗಾರರಾಗುವುದಕ್ಕಿಂತ ನೋಡುವ ಕಣ್ಣುಗಳಾಗಿ ಬೇಕು ಎಂದು ಬರೆದಿದ್ದರು.

ಹಳೆಯದನ್ನು ಮತ್ತೆ ತರುವ ಪ್ರಯತ್ನವೂ ನಡೆದಿದೆ. 2019ರ ಆಗಸ್ಟಿನಲ್ಲಿ ಬಂದ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ ಡಂಜನ್ ಫೈಂಡರ್ ಇರಲಿಲ್ಲ, ನಡಿಗೆ ಇತ್ತು, ಕೂಗಾಟ ಇತ್ತು. ಮೊದಲ ಕೆಲವು ವಾರ ಜನ ನಿಜಕ್ಕೂ ಮಾತಾಡಿದರು. ಆಮೇಲೆ ಹದಿನೈದು ವರ್ಷದ ತಿಳಿವಳಿಕೆ ತನ್ನ ಕೆಲಸ ತೋರಿಸಿತು. ಯಾವ ಪಾತ್ರ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಅಂಕಿಅಂಶಗಳ ಪುಟಗಳಿದ್ದವು, ಗುಂಪಿಗೆ ಸೇರಿಸಿಕೊಳ್ಳುವವರು ಹೆಸರು ಕೇಳುವ ಮೊದಲು ಅದನ್ನು ತೆರೆದು ನೋಡುತ್ತಿದ್ದರು. 2022ರಲ್ಲಿ ಅದೇ ಆಟದ ಮುಂದಿನ ಹಂತವನ್ನು ಮರುಬಿಡುಗಡೆ ಮಾಡುವಾಗ ಬ್ಲಿಝರ್ಡ್ ಕಂಪನಿ, ಮೂಲದಲ್ಲಿ ಇದ್ದ ಡಂಜನ್ ಫೈಂಡರನ್ನು ಸಾಮಾಜಿಕ ಸಂಬಂಧಗಳ ಹೆಸರಿನಲ್ಲಿ ಬೇಕೆಂದೇ ಬಿಟ್ಟಿತು. ಆಟಗಾರರು ಬೇಕೆಂದು ಕೇಳುತ್ತಲೇ ಹೋದರು, 2023ರ ಜೂನ್‌ನಲ್ಲಿ ಅದನ್ನು ಸೇರಿಸಿದರು. ನಲವತ್ತು ದಾಟಿದ, ಮಕ್ಕಳನ್ನು ಮಲಗಿಸಿ ಒಂದೇ ಗಂಟೆ ಸಿಗುವ ಜನ ಗುಂಪಿಗಾಗಿ ಅರ್ಧ ಗಂಟೆ ಕೂಗಲಾರರು, ಅದು ನ್ಯಾಯವೇ.

ಹಾಗಾದರೆ ಆಟದೊಳಗಿನ ಹರಟೆಯೆಲ್ಲ ಎಲ್ಲಿ ಹೋಯಿತು ಎಂದರೆ, 2015ರ ಮೇ ತಿಂಗಳಲ್ಲಿ ಶುರುವಾದ ಹರಟೆಯ ಆ್ಯಪ್ ಡಿಸ್ಕಾರ್ಡ್‌ಗೆ ಎಂಬುದು ಸರಳವಾದ ಉತ್ತರ. ಹಿಂದೆ ಟೀಮ್‌ಸ್ಪೀಕ್, ವೆಂಟ್ರಿಲೊ ಎಂಬ ಮಾತಾಡುವ ಸರ್ವರುಗಳನ್ನು ಬಾಡಿಗೆಗೆ ಪಡೆದು ಗಿಲ್ಡ್‌ಗಳು ಮಾಡುತ್ತಿದ್ದುದನ್ನು ಅದು ಪುಕ್ಕಟೆಯಾಗಿ ಎಲ್ಲರಿಗೂ ಕೊಟ್ಟಿತು. ನನ್ನ ಅಕ್ಕನ ಮಗ ಸಂಜೆ ಟ್ಯೂಷನ್ನಿನಿಂದ ಬಂದು ಕಂಪ್ಯೂಟರ್ ಹಾಕಿದರೆ ಮೊದಲು ತೆರೆಯುವುದು ಡಿಸ್ಕಾರ್ಡನ್ನು, ಆಟ ಯಾವುದೆಂಬುದು ಆಮೇಲಿನ ಮಾತು. ಅಲ್ಲಿ ಅವನ ಶಾಲೆಯ ಆರೇಳು ಹುಡುಗರು, ಬೇಸಿಗೆ ಶಿಬಿರದಲ್ಲಿ ಸಿಕ್ಕ ಒಬ್ಬ, ಅಷ್ಟೇ. ಆಟದ ಮೈಕನ್ನು ಶಾಶ್ವತವಾಗಿ ಮ್ಯೂಟ್ ಮಾಡಿದ್ದಾನೆ. ‘ಯಾರೋ ಗೊತ್ತಿಲ್ದೋರ್ ಹತ್ರ ಏನ್ ಮಾತಾಡೋದು ಮಾಮ, ಬರೀ ಬೈತಾರೆ’ ಎಂದ. ಅವನಿಗೆ ಆಟದಲ್ಲಿ ಸಂಬಂಧಗಳಿಲ್ಲವೆಂದು ಯಾರೂ ಹೇಳಲಾರರು, ನನಗಿಂತ ಗಟ್ಟಿಯಾಗಿಯೇ ಇವೆ. ಆದರೆ ಎವರ್‌ಕ್ವೆಸ್ಟಿನ ಮಂತ್ರದ ಪುಸ್ತಕದ ಹಿಂದೆ ಕುಳಿತವರಿಗೆ ಸಿಗುತ್ತಿದ್ದಂಥ, ವಯಸ್ಸು ಊರು ಕೆಲಸ ಯಾವುದರಲ್ಲೂ ತನ್ನಂತಿಲ್ಲದ ಮನುಷ್ಯ ಅವನ ಆ ಕೋಣೆಗೆ ಬರುವ ದಾರಿಯಿಲ್ಲ.

ಕನ್ನಡದ ಮಟ್ಟಿಗೆ ಆ ದಾರಿ ಕೆಲಕಾಲ ಅಗಲವಾಗಿ ತೆರೆದಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, 2018ರ ಮಾರ್ಚಿನಲ್ಲಿ, ವಿಮಾನದಿಂದ ಧುಮುಕಿ ಕಿರಿದಾಗುತ್ತ ಹೋಗುವ ವೃತ್ತದೊಳಗೆ ಕೊನೆಯವರೆಗೆ ಬದುಕುಳಿಯಬೇಕಾದ ಪಬ್‌ಜಿ ಮೊಬೈಲ್ ಬಂತು. ಪಿಸಿ, ಕನ್ಸೋಲ್ ಎಂಬ ಮಾತೇ ಕೇಳದ ಊರುಗಳ ಹುಡುಗರು ಒಂದೇ ಸಲಕ್ಕೆ ಆನ್‌ಲೈನ್ ಆಟಕ್ಕೆ ಇಳಿದರು. ಅವರಿಗೆ ಮೈಕ್ ಮ್ಯೂಟ್ ಮಾಡುವ ಶಿಷ್ಟಾಚಾರ ಗೊತ್ತಿರಲಿಲ್ಲ. ರ‍್ಯಾಂಡಮ್ ಸ್ಕ್ವಾಡ್ ಹಾಕಿದರೆ ವಿಮಾನದಲ್ಲಿರುವಾಗಲೇ ಒಬ್ಬನ ಮನೆಯ ಕುಕ್ಕರ್ ಸೀಟಿ, ಇನ್ನೊಬ್ಬನ ಹಿಂದೆ ಹಾದುಹೋಗುವ ಟ್ರ್ಯಾಕ್ಟರ್. ಹಿಂದಿಯಲ್ಲಿ ಎಲ್ಲಿಯವರೆಂದು ವಿಚಾರಿಸುವುದು, ಕರ್ನಾಟಕ ಎಂದೊಡನೆ ‘ಯಾವೂರು ಗುರು?’ ಎಂಬ ಪ್ರಶ್ನೆ. ಲಾಕ್‌ಡೌನಿನ ಒಂದು ಮಧ್ಯಾಹ್ನ ಹೀಗೆ ಸಿಂಧನೂರು ಕಡೆಯವನೊಬ್ಬ ಸಿಕ್ಕಿದ್ದ. ಅಕ್ಕಿ ಗಿರಣಿಯ ಲಾರಿ ಓಡಿಸುವವನು, ಲೋಡಿಗಾಗಿ ಕಾಯುತ್ತ ಕ್ಯಾಬಿನ್ನಿನಲ್ಲಿ ಕುಳಿತು ಆಡುತ್ತಿದ್ದ. ನಾನು ಬಿದ್ದಾಗ ‘ಹೊಳ್ಳಿ ಬರ್ತೀನಿ ತಡೀರಿ ಸರ, ರಿವೈವ್ ಕೊಡ್ತೀನಿ’ ಎಂದು ವೃತ್ತ ಮುಚ್ಚಿಕೊಳ್ಳುತ್ತಿದ್ದರೂ ಬಂದು ಎಬ್ಬಿಸಿದ, ಇಬ್ಬರೂ ಸತ್ತೆವು, ನಕ್ಕೆವು. ಬೇಸಿಗೆಯುದ್ದಕ್ಕೂ ಆಗಾಗ ಸಿಗುತ್ತಿದ್ದ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿಯೂ ಇತ್ತು. ಅವನ ಆಟದ ಹೆಸರು ಬಿಟ್ಟರೆ ನನ್ನ ಬಳಿ ಏನೂ ಇರಲಿಲ್ಲ. ಮರುವರ್ಷ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂದಾಗ ಹಳೆಯ ಖಾತೆಯನ್ನು ವರ್ಗಾಯಿಸಿಕೊಳ್ಳಲು ಅವಕಾಶ ಕೊಟ್ಟರು. ಅಷ್ಟರೊಳಗೆ ಹುಡುಗರೆಲ್ಲ ಪಾಠ ಕಲಿತು, ಚೆನ್ನಾಗಿ ಆಡುವವರು ಸಿಕ್ಕರೆ ಮೊದಲು ನಂಬರ್ ತೆಗೆದುಕೊಂಡು ವಾಟ್ಸ್‌ಆ್ಯಪ್ ಗುಂಪು ಮಾಡುವ ಅಭ್ಯಾಸಕ್ಕೆ ಬಿದ್ದಿದ್ದರು. 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಗಿ 2023ರ ಮೇನಲ್ಲಿ ವಾಪಸಾದಾಗ ಆ ಅಭ್ಯಾಸ ಇನ್ನೂ ಬಲವಾಯಿತು. ಈಗ ರ‍್ಯಾಂಡಮ್ ಸ್ಕ್ವಾಡಿನಲ್ಲಿ ‘ಯಾವೂರು’ ಎಂದು ಕೇಳಿದರೆ ಹೆಚ್ಚಿನ ಸಲ ಉತ್ತರ ಬರುವುದಿಲ್ಲ, ಮಿಕ್ಕ ಮೂವರು ಬೇರೆ ಕಾಲ್‌ನಲ್ಲಿ ಇರುತ್ತಾರೆ.

ಕಂಪನಿಗಳಿಂದ ನಾನು ಬಯಸುವುದು ದೊಡ್ಡದೇನಲ್ಲ. 2004ರ ಹೇಲೋ 2 ಆಟವೂ ಎದುರಾಳಿಗಳನ್ನು ತಾನೇ ಹುಡುಕಿ ಕೊಡುತ್ತಿತ್ತು, ಆದರೂ ಪಂದ್ಯ ಮುಗಿದ ಮೇಲೆ ಗೆದ್ದವರು ಸೋತವರು ಎಲ್ಲರನ್ನೂ ಒಂದೇ ಲಾಬಿಗೆ, ಅಂದರೆ ಪಂದ್ಯಗಳ ನಡುವೆ ಕಾಯುವ ಕೋಣೆಗೆ, ತಂದು ಕೂರಿಸುತ್ತಿತ್ತು. ಅಲ್ಲಿ ಬೈಗುಳವೂ ಇತ್ತು, ‘ಇನ್ನೊಂದು ಆಡೋಣ’ ಎಂಬ ಮಾತೂ ಇತ್ತು. ಪ್ರತಿ ಪಂದ್ಯದ ನಂತರ ಲಾಬಿಯನ್ನು ಒಡೆದು ಎಲ್ಲರನ್ನೂ ಹೊಸದಾಗಿ ಹಂಚುವ ಪದ್ಧತಿಯನ್ನು 2019ರ ಮಾಡರ್ನ್ ವಾರ್‌ಫೇರ್ ತಂದಾಗ ಹಳಬರು ಗೊಣಗಿದರು. 2025ರ ಬ್ಲ್ಯಾಕ್ ಆಪ್ಸ್ 7ರಲ್ಲಿ ಅದೇ ಕಾಲ್ ಆಫ್ ಡ್ಯೂಟಿ ಸರಣಿ ಪಂದ್ಯದಿಂದ ಪಂದ್ಯಕ್ಕೆ ಅದೇ ಜನರನ್ನು ಉಳಿಸಿಕೊಳ್ಳುವ ಲಾಬಿಯನ್ನು ಮರಳಿ ತಂದಿದೆ. ಬೇಡವಾದವರು ಎದ್ದು ಹೋಗಬಹುದು, ಮ್ಯೂಟ್ ಗುಂಡಿಯಂತೂ ಎಲ್ಲರ ಕೈಯಲ್ಲೂ ಇದೆ. ಉಳಿಯಬೇಕೆನ್ನುವವರಿಗೆ ಅದೇ ಎದುರಾಳಿಯ ಮೇಲೆ ಎರಡನೆಯ ಆಟದಲ್ಲಿ ಸೇಡು ತೀರಿಸಿಕೊಂಡು, ಮೂರನೆಯದರಲ್ಲಿ ಅವನ ತಂಡಕ್ಕೇ ಬಿದ್ದು, ನಾಲ್ಕನೆಯದಕ್ಕೆ ಮೊದಲು ಅವನ ಹೆಸರು ಹಿಡಿದು ಕರೆಯುವಷ್ಟು ಸಮಯ ಸಿಗುತ್ತದೆ. ಭಾರತದಲ್ಲಿ ಅತಿ ಹೆಚ್ಚು ಜನ ಆಡುವ ಮೊಬೈಲ್ ಆಟಗಳಲ್ಲಿಯೂ ಇಂಥದ್ದೊಂದು ಬರಲಿ ಎಂದು ಕಾಯುತ್ತಿದ್ದೇನೆ, ಸದ್ಯಕ್ಕಂತೂ ಮೈಕ್ ಆನ್ ಇಟ್ಟುಕೊಂಡೇ ಆಡುತ್ತೇನೆ.